ನಿಮಗಿದು ಗೊತ್ತೇ? ಘಾಟಿಯ ಹಾವು, ಜಪಾನಿನ ನರಿ

ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿ, ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಹೋಬಳಿಯಲ್ಲಿ ಘಾಟಿ ಸುಬ್ರಹ್ಮಣ್ಯ ಇದೆ. ಇಲ್ಲಿಗೆ ಬರುವವರ ಬೇಡಿಕೆ ಹೆಚ್ಚಾಗಿ ಮೂರೇ: ಮನೆಗೊಂದು ಮಗು, ಹೊಲದಲ್ಲಿ ಬೆಳೆ, ಕೊಟ್ಟಿಗೆಯಲ್ಲಿ ಒಳ್ಳೆಯ ಜೋಡೆತ್ತು. ಜಪಾನಿನ ಭತ್ತದ ದೇವರ ಗುಡಿಗಳಲ್ಲೂ ಹೆಚ್ಚುಕಡಿಮೆ ಇದೇ ಪಟ್ಟಿ. ಅಲ್ಲಿ ದೇವರ ಬಾಗಿಲಲ್ಲಿ ನರಿ ಕೂತಿದೆ, ಇಲ್ಲಿ ದೇವರೇ ಹಾವಾಗಿ ಹೆಡೆ ಎತ್ತಿದ್ದಾನೆ. ಹಾವಿಗೂ ನರಿಗೂ ಕಾಳಿಗೂ ತೊಟ್ಟಿಲಿಗೂ ಏನು ನಂಟು? ಓದುತ್ತಾ ಹೋಗಿ.

◆ ಘಾಟಿಯ ಗರ್ಭಗುಡಿಯಲ್ಲಿ ಒಂದೇ ಕಲ್ಲಿನಲ್ಲಿ ಇಬ್ಬರು ದೇವರು. ಮುಂದೆ ಪೂರ್ವಕ್ಕೆ ಮುಖ ಮಾಡಿದ ಏಳು ಹೆಡೆಯ ಸುಬ್ರಹ್ಮಣ್ಯ. ಹಿಂಬದಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ನರಸಿಂಹ. ಎದುರು ನಿಂತ ಭಕ್ತರಿಗೆ ಹಿಂದಿನ ದೇವರು ಕಾಣಲೆಂದು ಒಳಗೆ ದೊಡ್ಡ ಕನ್ನಡಿ ಇಟ್ಟಿದ್ದಾರೆ. ಹಾಗಾಗಿ ಸುಬ್ರಹ್ಮಣ್ಯನ ದರ್ಶನ ನೇರ, ನರಸಿಂಹನ ದರ್ಶನ ಕನ್ನಡಿಯಲ್ಲಿ. ಮೊದಲ ಸಲ ಹೋಗುವವರು ಇದನ್ನು ಗಮನಿಸದೆ ಒಬ್ಬ ದೇವರನ್ನಷ್ಟೇ ನೋಡಿ ಬರುವುದುಂಟು. ಅರ್ಚಕರು ಆರತಿ ಎತ್ತಿದಾಗ ಮೂರ್ತಿಯ ಹಿಂದಕ್ಕೂ ಕಣ್ಣು ಹಾಯಿಸಿ.

◆ ಜಪಾನಿನ ಶಿಂಟೋ ಗುಡಿಯ ಗರ್ಭಗುಡಿಯಲ್ಲಿ ಸಾಮಾನ್ಯವಾಗಿ ನಮ್ಮಂತೆ ಪೂಜೆಗೊಳ್ಳುವ ವಿಗ್ರಹ ಇರುವುದಿಲ್ಲ. ಎಷ್ಟೋ ಕಡೆ ದೇವರ ಸಾನ್ನಿಧ್ಯ ನೆಲೆಸುವುದು ಒಂದು ದುಂಡು ಲೋಹದ ಕನ್ನಡಿಯಲ್ಲಿ. ಅದನ್ನೂ ಭಕ್ತರಿಗೆ ತೋರಿಸದೆ ಒಳಗೇ ಮುಚ್ಚಿಟ್ಟಿರುತ್ತಾರೆ. ನಮ್ಮಲ್ಲಿ ಕಾಣದ ದೇವರನ್ನು ಕಾಣಿಸಲು ಕನ್ನಡಿ, ಅಲ್ಲಿ ಕನ್ನಡಿಯೇ ಕಾಣುವುದಿಲ್ಲ!

◆ ಹಾವಿನ ದೇವರ ಬೆನ್ನಿಗೆ ನರಸಿಂಹ ಏಕೆ? ಸ್ಥಳಪುರಾಣದ ಉತ್ತರ ಸೊಗಸಾಗಿದೆ. ನಾಗಕುಲಕ್ಕೆ ಗರುಡನ ಕಾಟ ತಡೆಯಲಾಗಲಿಲ್ಲ. ಗರುಡ ಯಾರ ಮಾತು ಕೇಳುತ್ತಾನೆ? ತನ್ನ ಒಡೆಯ ವಿಷ್ಣುವಿನದು. ಹಾಗಾಗಿ ದೂರು ನೇರ ಒಡೆಯನ ಬಳಿಗೇ ಹೋಯಿತು. ನರಸಿಂಹನಾಗಿ ಬಂದ ಅವನು ನಾಗಗಳ ಬೆನ್ನಿಗೆ ನಿಂತ. ಪುರಾಣವಾದರೂ ಹಳ್ಳಿಯ ನ್ಯಾಯಪಂಚಾಯಿತಿಯ ಜಾಣತನ ಇದರಲ್ಲಿದೆ: ಎತ್ತು ಹೊಲ ಮೇಯ್ದರೆ ಎತ್ತಿನ ಜೊತೆ ಜಗಳ ಯಾರಾದರೂ ಆಡುತ್ತಾರೆಯೇ?

◆ ಈ ಗುಡಿಯ ಜೊತೆ ಸಂಡೂರಿನ ಘೋರ್ಪಡೆ ರಾಜಮನೆತನದ ಹೆಸರು ಬೆರೆತಿದೆ. ಸಂಡೂರು ಎಲ್ಲಿ, ದೊಡ್ಡಬಳ್ಳಾಪುರ ಎಲ್ಲಿ! ಪ್ರತೀತಿ ಹೀಗಿದೆ. ಈ ದಾರಿಯಲ್ಲಿ ಅಡಿಕೆ ವ್ಯಾಪಾರಿಯೊಬ್ಬ ತಂಗಿದ್ದಾಗ ಕನಸಿನಲ್ಲಿ ಸ್ವಾಮಿ ಕಾಣಿಸಿಕೊಂಡು, ಸಂಡೂರಿನ ಅರಸರಿಗೆ ಹೇಳಿ ಗುಡಿ ಕಟ್ಟಿಸು ಎಂದನಂತೆ. ಸಂಡೂರಿನಲ್ಲೂ ಹೆಸರಾಂತ ಕುಮಾರಸ್ವಾಮಿ ದೇವಾಲಯ ಇರುವುದನ್ನು ನೆನೆದರೆ ಕಥೆಯ ಎರಡು ತುದಿ ಕೂಡುತ್ತವೆ.

◆ ಹರಕೆಯವರ ಲೆಕ್ಕದಲ್ಲಿ ಕುಕ್ಕೆ ಆದಿ ಸುಬ್ರಹ್ಮಣ್ಯ, ಘಾಟಿ ಮಧ್ಯ ಸುಬ್ರಹ್ಮಣ್ಯ, ಪಾವಗಡ ತಾಲ್ಲೂಕಿನ ನಾಗಲಮಡಿಕೆ ಅಂತ್ಯ ಸುಬ್ರಹ್ಮಣ್ಯ. ಕುಕ್ಕೆ ಮಳೆಕಾಡಿನಲ್ಲಿ, ಘಾಟಿ ರಾಗಿ ಹೊಲಗಳ ನಡುವಿನ ಗುಡ್ಡಸಾಲಿನಲ್ಲಿ, ನಾಗಲಮಡಿಕೆ ಬರದ ಸೀಮೆಯ ಉತ್ತರ ಪಿನಾಕಿನಿ ದಡದಲ್ಲಿ. ಮೂರಕ್ಕೂ ಹೋಗಿಬಂದವರು ಕರ್ನಾಟಕದ ಮೂರು ಬಗೆಯ ಮಳೆಯನ್ನೂ ನೋಡಿದಂತಾಯಿತು.

◆ ಘಾಟಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಸಾಲುಸಾಲು ನಾಗರಕಲ್ಲು. ಮಕ್ಕಳಾಗಲಿ ಎಂದು ಹರಸಿಕೊಂಡವರು, ಮಕ್ಕಳಾದವರು ಪ್ರತಿಷ್ಠೆ ಮಾಡಿಸಿದವು. ಕುಂಕುಮ ಅರಿಶಿನ ಬಿದ್ದು ಬಿದ್ದು ಹಳೆಯ ಕಲ್ಲುಗಳ ಗೆರೆಯೇ ಮಾಸಿಹೋಗಿದೆ. ನಿಂತು ನೋಡಿದರೆ ಮೂರು ಬಗೆ ತಿಳಿಯುತ್ತದೆ. ಒಂದು, ಸುರುಳಿ ಸುತ್ತಿ ಹೆಡೆ ಬಿಚ್ಚಿದ ನಾಗ. ಹೆಡೆ ಒಂದು, ಮೂರು, ಐದು ಅಥವಾ ಏಳು. ಎರಡು, ಸೊಂಟದ ಮೇಲೆ ಹೆಣ್ಣು, ಕೆಳಗೆ ಹಾವು ಆಗಿರುವ ನಾಗಕನ್ನಿಕೆ. ಮೂರು, ಒಂದಕ್ಕೊಂದು ಹೆಣೆದುಕೊಂಡು ಎದುರುಬದುರು ಹೆಡೆ ಎತ್ತಿದ ಜೋಡಿ ಹಾವು.

◆ ಆ ಜೋಡಿ ಹಾವನ್ನು ಎಲ್ಲರೂ ದಂಪತಿ ಎಂದೇ ತಿಳಿಯುತ್ತಾರೆ. ಸಂತಾನದ ಕಲ್ಲಾಗಿ ನೆಡುವುದೂ ಅದಕ್ಕೇ. ಆದರೆ ಬಯಲಿನಲ್ಲಿ ಹೀಗೆ ಅರ್ಧ ಮೈ ಎತ್ತಿ ಹೆಣೆದುಕೊಂಡು ಕುಣಿಯುವ ಕೇರೆಹಾವುಗಳು ಸಾಮಾನ್ಯವಾಗಿ ಎರಡೂ ಗಂಡು! ಅದು ಸರಸವಲ್ಲ, ಕುಸ್ತಿ. ಎದುರಾಳಿಯ ತಲೆಯನ್ನು ನೆಲಕ್ಕೆ ಒತ್ತಿದವನು ಗೆದ್ದ. ಸೋತವನು ಹೆಚ್ಚಿನ ಗಾಯವಿಲ್ಲದೆ ಜಾಗ ಖಾಲಿ ಮಾಡುತ್ತಾನೆ. ‘ನಾಗರಹಾವಿಗೂ ಕೇರೆಹಾವಿಗೂ ಮಿಲನ’ ಎಂದು ಊರಲ್ಲಿ ಹೇಳುವ ಕಥೆಯೂ ಈ ಕುಸ್ತಿಯನ್ನು ದೂರದಿಂದ ಕಂಡವರದೇ. ಅವೆರಡೂ ಬೇರೆ ಬೇರೆ ಜಾತಿ. ಕೂಡುವುದಂತೂ ಇಲ್ಲ, ನಾಗರಹಾವು ಸಿಕ್ಕರೆ ಕೇರೆಯನ್ನು ನುಂಗುತ್ತದೆ.

◆ ಕರ್ನಾಟಕದ ಅತಿ ಹಳೆಯ ನಾಗಶಿಲ್ಪಗಳಲ್ಲಿ ಒಂದು ಬನವಾಸಿಯ ಮಧುಕೇಶ್ವರ ದೇವಾಲಯದ ಆವರಣದಲ್ಲಿದೆ. ಐದು ಹೆಡೆಯ ನಾಗ. ಕಲ್ಲಿನ ಅಂಚಿನಲ್ಲಿ ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನ. ಕದಂಬರಿಗೂ ಮೊದಲು ಆಳಿದ ಚುಟು ಅರಸರ ಕಾಲದ್ದು. ರಾಜಮನೆತನದ ಹೆಣ್ಣುಮಗಳೊಬ್ಬಳು ನಾಗನನ್ನು, ಜೊತೆಗೆ ಒಂದು ಕೆರೆಯನ್ನು, ಒಂದು ವಿಹಾರವನ್ನು ದಾನ ಕೊಟ್ಟದ್ದನ್ನು ಅದು ಹೇಳುತ್ತದೆ. ಕಡೆದ ಶಿಲ್ಪಿ ನಟಕನ ಹೆಸರೂ ಇದೆ. ನಾಗನೂ ನೀರೂ ಒಂದೇ ದಾನಪತ್ರದಲ್ಲಿ! ಕೆರೆ ಏರಿಯ ಮೇಲೆ ನಾಗರಕಲ್ಲು ನೆಡುವ ನಮ್ಮ ಹಳ್ಳಿಗರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಕ್ಕಿಲ್ಲ.

◆ ಘಾಟಿಯಿಂದ ಉತ್ತರಕ್ಕೆ, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ನಾಗರಕಲ್ಲುಗಳ ಇನ್ನೂ ದೊಡ್ಡ ಸಂತೆಯೇ ಇದೆ, ಸಾವಿರಗಟ್ಟಲೆ. ಮಹಾಭಾರತದ ವಿದುರ ನೆಟ್ಟದ್ದೆಂಬ ಅಲ್ಲಿನ ಅಶ್ವತ್ಥ 2001ರಲ್ಲಿ ಉರುಳಿತು. 1938ರ ಏಪ್ರಿಲ್ 25ರಂದು ಇದೇ ಊರಿನಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ‘ದಕ್ಷಿಣದ ಜಲಿಯನ್‌ವಾಲಾಬಾಗ್’ ಎಂಬ ಹೆಸರು ಬಂದದ್ದು ಅಂದಿನಿಂದ. ಮಕ್ಕಳಿಗಾಗಿ ಹರಕೆ ಹೊರುವ ಜಾಗ ಮಕ್ಕಳನ್ನು ಕಳೆದುಕೊಂಡ ಜಾಗವೂ ಆಯಿತು.

◆ ನಾಗರಕಲ್ಲಿನ ಕಟ್ಟೆಯ ಮೇಲೆ ಅಶ್ವತ್ಥವೂ ಬೇವೂ ಜೊತೆಯಾಗಿ ಬೆಳೆದಿರುವುದು ತಾನಾಗಿ ಆದದ್ದಲ್ಲ. ಬಹಳ ಕಡೆ ಊರವರು ಎರಡನ್ನೂ ಒಟ್ಟಿಗೆ ನೆಟ್ಟು, ಅಶ್ವತ್ಥನಿಗೆ ಉಪನಯನ ಮಾಡಿ, ಬೇವಿನ ಜೊತೆ ಮದುವೆ ಮಾಡಿ, ಊಟ ಹಾಕಿಸಿರುತ್ತಾರೆ. ಸೋಮವಾರದ ಅಮಾವಾಸ್ಯೆ ಬಂದರೆ ಹೆಂಗಸರ ಪ್ರದಕ್ಷಿಣೆ.

◆ ಆ ಅಶ್ವತ್ಥದ ಸಂತಾನಕ್ಕೂ ಒಂದು ಹರಕೆ ಬೇಕು. ನಾವು ಹಣ್ಣು ಎನ್ನುವುದು ಹೂಗಳನ್ನು ಒಳಗೇ ಮುಚ್ಚಿಟ್ಟುಕೊಂಡ ಡಬ್ಬಿ. ಒಳಗೆ ಹೋಗಲು ಸೂಜಿಮೊನೆಯಷ್ಟು ತೂತು. ಅದರೊಳಗೆ ನುಸುಳಿ ಪರಾಗ ಮುಟ್ಟಿಸುವುದು ಅಶ್ವತ್ಥಕ್ಕೆಂದೇ ಇರುವ ಒಂದು ಪುಟಾಣಿ ಕಣಜ. ನುಸುಳುವ ಭರದಲ್ಲಿ ಹೆಣ್ಣು ಕಣಜದ ರೆಕ್ಕೆ ಮುರಿಯುತ್ತದೆ. ಅದು ಮತ್ತೆ ಹೊರಗೆ ಬರುವುದಿಲ್ಲ, ಒಳಗೇ ಮೊಟ್ಟೆಯಿಟ್ಟು ಸಾಯುತ್ತದೆ. ಕಣಜ ಇಲ್ಲವಾದರೆ ಅಶ್ವತ್ಥಕ್ಕೆ ಬೀಜವಿಲ್ಲ, ಅಶ್ವತ್ಥ ಇಲ್ಲವಾದರೆ ಕಣಜಕ್ಕೆ ಮನೆಯಿಲ್ಲ.

◆ ಈಗ ಇಲಿಯ ಕಡೆಗೆ ಬರೋಣ. ಈ ಸೀಮೆಯಲ್ಲಿ ರಾಗಿ ಕೊಯ್ದ ಕೂಡಲೇ ಬಡಿಯುವುದಿಲ್ಲ. ಮೆದೆ ಒಟ್ಟಿ ವಾರಗಟ್ಟಲೆ ಬಿಡುತ್ತಾರೆ. ಆ ಮೆದೆಯಡಿ ಹೆಗ್ಗಣ ಬಿಲ ತೋಡಿ ತೆನೆಗಳನ್ನು ಒಳಗೆ ಸಾಗಿಸಿ ಗುಡ್ಡೆ ಹಾಕಿಕೊಳ್ಳುತ್ತದೆ. ಅದರ ಗರ್ಭಾವಧಿ ಸುಮಾರು ಮೂರು ವಾರ. ವರ್ಷದಲ್ಲಿ ಹಲವು ಸಲ ಮರಿ ಹಾಕುತ್ತದೆ. ಸಂತಾನಭಾಗ್ಯಕ್ಕೆ ದೇವರನ್ನು ಬೇಡಬೇಕಾದ ಗೋಜೇ ಇಲ್ಲದ ಪ್ರಾಣಿ! ಅದರ ಬಿಲದೊಳಕ್ಕೆ ನುಗ್ಗಿ ಮರಿಗಳ ಸಮೇತ ತಿಂದುಬರಬಲ್ಲ ಬೇಟೆಗಾರರಲ್ಲಿ ಮುಖ್ಯವಾದದ್ದು ಹಾವು. ಬೆಕ್ಕಿಗೆ ಬಿಲ ಕಿರಿದು, ಗೂಬೆ ಬಿಲದ ಬಾಯಲ್ಲೇ ಕಾಯಬೇಕು. ಕಾಲಿಲ್ಲದ ಉದ್ದನೆಯ ಮೈ ಅದಕ್ಕೆಂದೇ ಮಾಡಿದಂತಿದೆ.

◆ ಹಿಂದೆ ಬಯಲುಸೀಮೆಯ ರೈತರು ರಾಗಿಯನ್ನು ನೆಲದಡಿಯ ಹಗೇವಿನಲ್ಲಿ ತುಂಬುತ್ತಿದ್ದರು. ಬಾಯಿ ಕಿರಿದು, ಹೊಟ್ಟೆ ಅಗಲವಾದ ಗುಂಡಿ. ಒಳಗೆ ಹುಲ್ಲಿನ ಹೊದಿಕೆ, ಮೇಲೆ ಚಪ್ಪಡಿ, ಮಣ್ಣು. ಮುಚ್ಚಿದ ಗುಂಡಿಯಲ್ಲಿ ಕಾಳು ಉಸಿರಾಡಿ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿದರೆ ಹುಳುವಿಗೆ ಉಳಿಗಾಲವಿಲ್ಲ. ಹಾಗಾಗಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಬಾಯಿ ತೆರೆದ ಕೂಡಲೇ ಇಳಿದರೆ ಮನುಷ್ಯನಿಗೂ ಉಳಿಗಾಲವಿಲ್ಲ! ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ.

◆ ಜಪಾನಿನ ಭತ್ತದ ಗದ್ದೆಗಳಲ್ಲಿ ಇಲಿ ಹಿಡಿಯುವ ಹಾವಿನ ಕೆಲಸ ಹಂಚಿಕೊಂಡದ್ದು ನರಿ. ಚಳಿ ಕಳೆದು ನರಿಗಳು ಗದ್ದೆಯ ಕಡೆಗೆ ಬರುವುದು, ಇಲಿ ಹಿಡಿಯುವುದು ರೈತರ ಕಣ್ಣಿಗೆ ಬೀಳುತ್ತಿತ್ತು. ಭತ್ತದ ದೇವತೆ ಇನಾರಿಯ ದೂತನಾಗಿ ನರಿ ನಿಂತದ್ದಕ್ಕೆ ವಿದ್ವಾಂಸರು ಕೊಡುವ ಕಾರಣಗಳಲ್ಲಿ ಇದೂ ಒಂದು. ಗುಡಿಯ ಬಾಗಿಲಲ್ಲಿ ಜೋಡಿ ನರಿಗಳ ಕಲ್ಲುಮೂರ್ತಿ. ಕೆಲವದರ ಬಾಯಲ್ಲಿ ಭತ್ತದ ತೆನೆ, ಕೆಲವದರ ಬಾಯಲ್ಲಿ ಧಾನ್ಯದ ಕಣಜದ ಬೀಗದ ಕೈ! ಕಳ್ಳತನಕ್ಕೆ ಹೆಸರಾದ ಪ್ರಾಣಿಯ ಕೈಗೇ ಕೀಲಿ ಕೊಟ್ಟ ಜನ ಜಾಣರೋ ಮುಗ್ಧರೋ, ನೀವೇ ಹೇಳಿ.

◆ ನರಿಯನ್ನು ನಾವೇನು ಕಡೆಗಣಿಸಿಲ್ಲ. ದಿಢೀರನೆ ಲಾಭವಾದವನನ್ನು ‘ಬೆಳಗ್ಗೆ ಎದ್ದು ನರಿ ಮುಖ ನೋಡಿದ್ದೆಯೇನೋ?’ ಎಂದು ಕೇಳುವುದು ಈ ಸೀಮೆಯಲ್ಲಿ ಇಂದಿಗೂ ಉಂಟು. ಗುಡಿ ಕಟ್ಟಲಿಲ್ಲ, ಅಷ್ಟೇ.

◆ ಇನಾರಿ ಗುಡಿಗಳಿಗೆಲ್ಲ ಮೂಲಸ್ಥಾನ ಕ್ಯೋಟೋದ ಫುಶಿಮಿ ಇನಾರಿ. ಸಂಪ್ರದಾಯದ ಪ್ರಕಾರ ಸ್ಥಾಪನೆ 711ರಲ್ಲಿ. ಬೆಟ್ಟದ ಎತ್ತರ 233 ಮೀಟರ್. ದಾರಿಯುದ್ದಕ್ಕೂ ಕೆಂಪು ಬಳಿದ ಸುಮಾರು 10,000 ಮರದ ತೋರಣಗಳು ಒತ್ತೊತ್ತಾಗಿ ನಿಂತಿವೆ. ಇಳಿದು ಬರುವಾಗ ನೋಡಿದರೆ ಪ್ರತಿ ಕಂಬದ ಹಿಂದೆ ಕೊಟ್ಟವರ ಹೆಸರು, ತಾರೀಖು. ಬಹುಪಾಲು ವ್ಯಾಪಾರಸ್ಥರು, ಕಂಪನಿಗಳು. ಭತ್ತವೇ ಹಣವಾಗಿದ್ದ ಕಾಲದಲ್ಲಿ ಭತ್ತದ ದೇವರು ವ್ಯಾಪಾರದ ದೇವರೂ ಆದ. ಮರದ ತೋರಣ ಮಳೆಗೆ ಕೊಳೆಯುತ್ತದೆ, ಹಳೆಯದು ಹೋಗಿ ಹೊಸದು ಬರುತ್ತದೆ. ಘಾಟಿಯ ನಾಗರಕಲ್ಲು ಕೊಳೆಯುವುದಿಲ್ಲ. ಹಾಗಾಗಿ ನಮ್ಮಲ್ಲಿ ಜಾಗದ ತಾಪತ್ರಯ.

◆ ಇನಾರಿಯ ನರಿಗೆ ಇಷ್ಟದ ನೈವೇದ್ಯ ಎಣ್ಣೆಯಲ್ಲಿ ಕರಿದ ತೋಫು. ಆ ಕರಿದ ತೋಫುವಿನ ಚೀಲಕ್ಕೆ ಅನ್ನ ತುಂಬಿದ ತಿಂಡಿಯ ಹೆಸರೇ ಇನಾರಿ ಸುಶಿ. ನಮ್ಮ ನಾಗಪ್ಪನಿಗೆ ಕರಿದದ್ದು ಆಗದು. ನಾಗರಪಂಚಮಿಯಂದು ಎಷ್ಟೋ ಮನೆಗಳಲ್ಲಿ ಒಲೆಯ ಮೇಲೆ ಬಾಣಲೆ ಇಡುವುದಿಲ್ಲ, ಒಗ್ಗರಣೆಯನ್ನೂ ಹಾಕುವುದಿಲ್ಲ. ಎಳ್ಳು ಬೆಲ್ಲದ ಚಿಗಳಿ, ಅಕ್ಕಿಹಿಟ್ಟಿನ ತಂಬಿಟ್ಟು, ನೆನೆಸಿದ ಕಡಲೆ. ಆ ದಿನ ನೇಗಿಲು ಹೂಡುವುದೂ ಇಲ್ಲ, ನೆಲ ಅಗೆಯುವುದೂ ಇಲ್ಲ. ಮಳೆಗಾಲದ ನಡುವೆ, ಬಿಲಕ್ಕೆ ನೀರು ನುಗ್ಗಿ ಹಾವುಗಳು ಹೊರಗೆ ಓಡಾಡುವ ಹೊತ್ತಿನಲ್ಲಿ ಹಾವಿಗೂ ಎತ್ತಿಗೂ ಒಟ್ಟಿಗೆ ರಜೆ.

◆ ಹಾವು ಹಾಲು ಕುಡಿಯುವುದಿಲ್ಲ. ಅದು ಸಸ್ತನಿಯಲ್ಲ, ಹಾಲು ಅದರ ಆಹಾರವಲ್ಲ. ದಿನಗಟ್ಟಲೆ ನೀರಿಲ್ಲದೆ ಬಾಯಾರಿಸಿದ ಹಾವು ಯಾವ ದ್ರವ ಸಿಕ್ಕರೂ ಹೀರೀತು. ಹಾವಾಡಿಗರ ಗುಟ್ಟು ಅದೇ. ಹುತ್ತ ಕಟ್ಟುವುದೂ ಹಾವಲ್ಲ, ಗೆದ್ದಲು. ಹಾವು ಬಾಡಿಗೆ ಕೊಡದ ಬಾಡಿಗೆದಾರ. ತನಿ ಎರೆಯಬೇಕೆನ್ನುವವರು ಕಲ್ಲಿಗೇ ಎರೆಯಲಿ, ಹುತ್ತಕ್ಕೆ ಬೇಡ. ಒಳಗಿರುವ ಮೊಟ್ಟೆಗೂ ಕ್ಷೇಮ, ಗೆದ್ದಲಿಗೂ ಕ್ಷೇಮ.

◆ ನಾಗರಹಾವು ಮೊಟ್ಟೆ ಇಡುತ್ತದೆ, ಕೇರೆಯೂ ಇಡುತ್ತದೆ. ಆದರೆ ಕೊಳಕುಮಂಡಲ ಮರಿಯನ್ನೇ ಹಾಕುತ್ತದೆ, ಅದೂ ಒಂದೇ ಸಲಕ್ಕೆ 20, 30, ಕೆಲವೊಮ್ಮೆ ಇನ್ನೂ ಹೆಚ್ಚು. ಸಂತಾನದ ಲೆಕ್ಕದಲ್ಲಿ ಪೂಜೆ ಸಲ್ಲಬೇಕಾದ್ದು ಅದಕ್ಕೆ. ಹೆಡೆಯಿಲ್ಲ ನೋಡಿ, ಯಾರೂ ಕೈ ಮುಗಿಯಲಿಲ್ಲ.

◆ ಜಪಾನಿನಲ್ಲೂ ಧಾನ್ಯದ ಹಾವುದೇವರು ಇದ್ದಾನೆ! ಹೆಸರು ಉಗಾಜಿನ್. ಸುರುಳಿ ಸುತ್ತಿದ ಹಾವಿನ ಮೈ, ಮೇಲೆ ಮನುಷ್ಯನ ತಲೆ, ಕೆಲವೊಮ್ಮೆ ಗಡ್ಡದ ಮುದುಕ, ಕೆಲವೊಮ್ಮೆ ಹೆಣ್ಣು. ಬೆಳೆ, ಸಮೃದ್ಧಿಯ ದೇವರು. ಇವನ ಮೂರ್ತಿ ಹೆಚ್ಚಾಗಿ ಕಾಣುವುದು ಬೆಂಜೈತೆನ್ ದೇವಿಯ ಕಿರೀಟದ ಮೇಲೆ. ಬೆಂಜೈತೆನ್ ಬೇರಾರೂ ಅಲ್ಲ, ಬೌದ್ಧರ ಜೊತೆ ಚೀನಾ ಹಾದು ಜಪಾನಿಗೆ ಹೋದ ನಮ್ಮ ಸರಸ್ವತಿ. ಘಾಟಿಯ ನಾಗಕನ್ನಿಕೆಯ ಕಲ್ಲನ್ನೂ ಉಗಾಜಿನ್ ಮೂರ್ತಿಯನ್ನೂ ಪಕ್ಕಪಕ್ಕ ಇಟ್ಟರೆ ದಾಯಾದಿಗಳೆಂದು ಯಾರಾದರೂ ಹೇಳಿಯಾರು. ಒಬ್ಬರಿಂದ ಒಬ್ಬರು ಕಲಿತರೆಂದು ಹೇಳಲು ಈ ಹೋಲಿಕೆಯೊಂದೇ ಸಾಲದು. ಇಲಿ ಎಲ್ಲ ಕಡೆಯೂ ಇಲಿಯೇ, ಅದನ್ನು ತಿನ್ನುವವನಿಗೆ ಎಲ್ಲ ಕಡೆಯೂ ಮರ್ಯಾದೆ.

◆ ಹೊರಟವಳು ಸರಸ್ವತಿ ಒಬ್ಬಳೇ ಅಲ್ಲ. ಸ್ಕಂದ, ಅಂದರೆ ನಮ್ಮ ಸುಬ್ರಹ್ಮಣ್ಯನೂ ಅದೇ ದಾರಿಯಲ್ಲಿ ಹೋಗಿ ಜಪಾನಿನಲ್ಲಿ ಇದಾತೆನ್ ಆಗಿದ್ದಾನೆ. ಜೆನ್ ಮಠಗಳಲ್ಲಿ ಅವನಿಗೆ ಕೊಟ್ಟ ಕೆಲಸ ಕೇಳಿ: ಅಡುಗೆಮನೆಯ ಕಾವಲು. ಓಟದಲ್ಲಿ ಅವನನ್ನು ಮೀರಿಸುವವರಿಲ್ಲವೆಂದು ಜಪಾನೀಯರು ವೇಗದ ಓಟಗಾರನನ್ನು ಇಂದಿಗೂ ಇದಾತೆನ್‌ಗೆ ಹೋಲಿಸುತ್ತಾರೆ. ಲೋಕ ಸುತ್ತುವ ಪಂದ್ಯದಲ್ಲಿ ಅಣ್ಣ ಗಣಪನಿಗೆ ಸೋತವನು ಅಲ್ಲಿ ಓಟದ ದೇವರು!

◆ ಸುಬ್ರಹ್ಮಣ್ಯನಿಗೆ ಹಾಲೂಡಿದವರು ಆರು ಜನ ಕೃತ್ತಿಕೆಯರು. ಆಕಾಶದ ಆ ನಕ್ಷತ್ರಪುಂಜವನ್ನು ಜಪಾನೀಯರು ಸುಬರು ಎಂದು ಕರೆಯುತ್ತಾರೆ. ಸುಬರು ಕಾರಿನ ಲಾಂಛನದಲ್ಲಿ ಇರುವುದೂ ಆರು ನಕ್ಷತ್ರ.

◆ ಜಪಾನಿನಲ್ಲಿ ಚಕ್ರವರ್ತಿಯೇ ಪ್ರತಿವರ್ಷ ಅರಮನೆಯ ಗದ್ದೆಗೆ ಇಳಿದು ಭತ್ತದ ಪೈರು ನೆಡುತ್ತಾರೆ, ಶರತ್ಕಾಲದಲ್ಲಿ ಕುಡುಗೋಲು ಹಿಡಿದು ಕೊಯ್ಯುತ್ತಾರೆ. 1927ರಲ್ಲಿ ಶೋವಾ ಚಕ್ರವರ್ತಿ ಶುರುಮಾಡಿದ ಪದ್ಧತಿ. ಹೊಸ ಬೆಳೆಯನ್ನು ದೇವರಿಗೆ ಅರ್ಪಿಸುವುದು ನವೆಂಬರ್ 23ರಂದು.

◆ ನಮ್ಮ ಮಲೆನಾಡಿನಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಆಶ್ವಯುಜ ಮಾಸದ ಭೂಮಿ ಹುಣ್ಣಿಮೆಯ ಹೊತ್ತಿಗೆ ಭತ್ತ ಹೊಡೆ ತುಂಬಿರುತ್ತದೆ. ಹೊಡೆ ತುಂಬಿದ ಗದ್ದೆ ಬಸುರಿ ಹೆಂಗಸು, ಬಸುರಿಗೆ ಬಯಕೆ ತೀರಿಸಬೇಕು! ಹಿಂದಿನ ರಾತ್ರಿಯೆಲ್ಲ ಹೆಂಗಸರು ಎಚ್ಚರವಿದ್ದು ಬಗೆಬಗೆಯ ಅಡುಗೆ ಮಾಡುತ್ತಾರೆ. ದೀವರ ಸಮುದಾಯದ ಮನೆಗಳಲ್ಲಿ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಿಂದ ಎಳೆ ಎಳೆಯಾಗಿ ಚಿತ್ತಾರ ಬರೆದಿರುತ್ತಾರೆ. ಬೆಳಗಿನ ಜಾವ ಮನೆಯ ಗಂಡಸು ಸೊಪ್ಪು ಬೆರೆಸಿದ ಚರಗವನ್ನು, ಕೂಗು ಹಾಕುತ್ತಾ, ಗದ್ದೆಗೆಲ್ಲ ಬೀರುತ್ತಾನೆ. ಪೂಜೆಯಾದ ಮೇಲೆ ಊಟವೂ ಗದ್ದೆಯ ಬದುವಿನಲ್ಲೇ. ಸೀಮಂತದ ಶಾಸ್ತ್ರದಲ್ಲಿ ಏನೇನು ಉಂಟೋ ಎಲ್ಲವೂ ನೆಲಕ್ಕೆ ಸಲ್ಲುತ್ತದೆ.

◆ ತುಳುನಾಡಿನಲ್ಲಿ ಫೆಬ್ರವರಿಯ ಹೊತ್ತಿಗೆ ಬರುವ ಕೆಡ್ಡಸ ಭೂಮಿತಾಯಿ ಮುಟ್ಟಾಗುವ ದಿನಗಳು. ಆಗ ಉಳುವಂತಿಲ್ಲ, ಅಗೆಯುವಂತಿಲ್ಲ. ಕೊನೆಯ ದಿನ ತುಳಸಿಕಟ್ಟೆಯ ಬಳಿ ನೆಲಕ್ಕೆ ಎಣ್ಣೆ, ಅರಿಶಿನ ಇಟ್ಟು ತಾಯಿಗೆ ಸ್ನಾನ.

◆ ಘಾಟಿ ಭತ್ತದ ಸೀಮೆಯಲ್ಲ, ರಾಗಿಯದು. ಎರಡಕ್ಕೂ ಒಮ್ಮೆ ವ್ಯಾಜ್ಯ ನಡೆದದ್ದನ್ನು ಕನಕದಾಸರ ರಾಮಧಾನ್ಯ ಚರಿತ್ರೆ ಹೇಳುತ್ತದೆ. ಯಾರು ಮೇಲು ಎಂದು ಅಕ್ಕಿಯೂ ರಾಗಿಯೂ ರಾಮನ ಮುಂದೆ ಜಗಳವಾಡುತ್ತವೆ. ತೀರ್ಪು ಕೊಡುವ ಮೊದಲು ಎರಡಕ್ಕೂ ಆರು ತಿಂಗಳ ಸೆರೆ. ಹೊರಬಂದಾಗ ಅಕ್ಕಿ ಸೊರಗಿತ್ತು, ರಾಗಿ ಗಟ್ಟಿಯಾಗಿತ್ತು. ಗೆದ್ದದ್ದು ರಾಗಿ. ಹಗೇವು ತೆರೆದು ನೋಡಿದ ಯಾವ ರೈತನೂ ಇದೇ ತೀರ್ಪು ಕೊಡುತ್ತಿದ್ದ. ಇಷ್ಟಾಗಿ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲ. ಸಾವಿರಾರು ವರ್ಷದ ಹಿಂದೆ ಇಲ್ಲಿಗೆ ಬಂದು ಮಣ್ಣಿನ ಮಗನಾದ ಬೆಳೆ ಅದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ. ಬಾಣಂತಿಗೂ ಮಗುವಿಗೂ ರಾಗಿ ಮಣ್ಣಿ ಉಣಿಸುವ ಅಜ್ಜಿಯರಿಗೆ ಈ ಅಂಕಿ ಬೇಕಿರಲಿಲ್ಲ.

◆ ಘಾಟಿಯ ಬ್ರಹ್ಮರಥೋತ್ಸವ ಪುಷ್ಯ ಶುದ್ಧ ಷಷ್ಠಿಯಂದು, ಅಂದರೆ ಡಿಸೆಂಬರ್–ಜನವರಿಯಲ್ಲಿ. ಅದೇ ಹೊತ್ತಿಗೆ ದನಗಳ ಜಾತ್ರೆ. ಆ ಕಾಲವೇ ಏಕೆ? ರಾಗಿ ಕೊಯ್ಲು ಮುಗಿದಿರುತ್ತದೆ, ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಉಳುಮೆಗೆ ಇನ್ನೂ ತಿಂಗಳುಗಳಿವೆ. ದಕ್ಷಿಣ ಕರ್ನಾಟಕದ ದೊಡ್ಡ ದನಗಳ ಜಾತ್ರೆಗಳಲ್ಲಿ ಇದೂ ಒಂದು. ಬಯಲುಸೀಮೆಯವರು, ಆಂಧ್ರದವರು, ತಮಿಳುನಾಡಿನವರು ಎಲ್ಲರೂ ಇಲ್ಲಿ ಗಿರಾಕಿಗಳೇ. ಒಳ್ಳೆಯ ಜೋಡಿಗೆ ಲಕ್ಷಗಟ್ಟಲೆ ಬೆಲೆ. ಅಂಥ ಜೋಡಿಗಳನ್ನು ಚಪ್ಪರದಡಿ ಕಟ್ಟಿ, ಕೊಂಬಿಗೆ ಹಿತ್ತಾಳೆಯ ಕಳಸ ಸಿಕ್ಕಿಸಿ, ತಮಟೆ ಬಡಿಸಿಕೊಂಡು ಮೆರವಣಿಗೆಯಲ್ಲಿ ಕರೆತರುತ್ತಾರೆ. ಮದುವೆ ದಿಬ್ಬಣಕ್ಕೆ ಕಡಿಮೆಯಿಲ್ಲದ ಸಡಗರ.

◆ ಎತ್ತಿನ ವಯಸ್ಸಿಗೆ ಜನನ ಪ್ರಮಾಣಪತ್ರ ಬೇಡ, ಬಾಯಿ ಬಿಡಿಸಿದರೆ ಸಾಕು. ದನಕ್ಕೆ ಮೇಲ್ದವಡೆಯಲ್ಲಿ ಮುಂಹಲ್ಲು ಇಲ್ಲ, ಕೆಳಗೆ ಎಂಟು. ಹಾಲುಹಲ್ಲು ಬಿದ್ದು ಜೋಡಿ ಜೋಡಿಯಾಗಿ ಹೊಸ ಹಲ್ಲು ಬರುತ್ತವೆ: ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು. ಎಂಟೂ ಬಂದರೆ ಬಾಯ್ಗೂಡಿತು. ಸುಮಾರು ಎರಡು ವರ್ಷಕ್ಕೆ ಮೊದಲ ಜೋಡಿ, ನಾಲ್ಕು–ಐದಕ್ಕೆ ಕೊನೆಯದು. ಹಲ್ಲು ನೋಡಿದ ಮೇಲೆ ಸುಳಿ ನೋಡಬೇಕು. ಹಣೆ, ಬೆನ್ನು, ಭುಜದ ರೋಮದ ಸುಳಿ ಯಾವ ಜಾಗದಲ್ಲಿದೆ ಎಂಬುದರ ಮೇಲೆ ಬೆಲೆ ಏರುತ್ತದೆ, ಇಳಿಯುತ್ತದೆ. ವಿಜ್ಞಾನಕ್ಕೂ ಸುಳಿಗೂ ಸಂಬಂಧವಿಲ್ಲ ಎಂದು ಜಾತ್ರೆಯ ನಡುವೆ ನಿಂತು ಹೇಳುವ ಧೈರ್ಯ ನನಗಂತೂ ಇಲ್ಲ.

◆ ಬೆಲೆ ಕೂಗುವುದಿಲ್ಲ. ದಲ್ಲಾಳಿ ಟವೆಲ್ಲಿನಡಿ ಕೈ ತೂರಿಸಿ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು, ಯಾವ ಬೆರಳು ಎಂಬುದು ಹಿಡಿದವನಿಗೂ ಹಿಡಿಸಿಕೊಂಡವನಿಗೂ ಮಾತ್ರ ಗೊತ್ತು.

◆ ಜಾತ್ರೆಯ ನಾಯಕ ಹಳ್ಳಿಕಾರ್ ತಳಿ: ಬೂದುಬಣ್ಣ, ಹಿಂದಕ್ಕೆ ಬಾಗಿ ಮೇಲೆದ್ದ ಚೂಪು ಕೊಂಬು, ಬಿಗಿ ಮೈಕಟ್ಟು, ಬಿರುಸಿನ ನಡೆ. 2000ದಲ್ಲಿ ಭಾರತೀಯ ಅಂಚೆ ಇದರ ಚಿತ್ರದ ಅಂಚೆಚೀಟಿ ತಂದಿತು. ಇದರ ಸಂಬಂಧಿ ಅಮೃತ ಮಹಲ್ ತಳಿ ಮೈಸೂರು ಸೇನೆಯ ಫಿರಂಗಿ ಎಳೆಯಿತು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಸುಲ್ತಾನ್ ಇಟ್ಟ ಹೆಸರು ಅಮೃತ ಮಹಲ್. ಹೆಸರು ಹಾಲು ಬೆಣ್ಣೆಯದಾದರೂ ಎರಡೂ ಉಳುವ, ಎಳೆಯುವ ತಳಿಗಳು. ಹಾಲು ಕರುವಿಗೆ ಆದ ಮೇಲೆ ಉಳಿದರೆ ಉಂಟು. ಟ್ರ್ಯಾಕ್ಟರ್ ಬಂದ ಮೇಲೂ ಈ ಜೋಡಿಗಳಿಗೆ ಬೆಲೆ ಇಳಿದಿಲ್ಲವೆಂದರೆ, ಅದರಲ್ಲಿ ಉಳುಮೆಯ ಪಾಲಿಗಿಂತ ಅಭಿಮಾನದ ಪಾಲು ದೊಡ್ಡದು.

◆ ತೇರಿನ ದಿನ ಹೊಸ ಮದುಮಕ್ಕಳ ಗುರುತು ಹಿಡಿಯುವುದು ಸುಲಭ. ಕೈಯಲ್ಲಿ ದವನ ಸಿಕ್ಕಿಸಿದ ಬಾಳೆಹಣ್ಣು ಇರುತ್ತದೆ. ಅದನ್ನು ತೇರಿನ ಕಳಸಕ್ಕೆ ಗುರಿಯಿಟ್ಟು ಎಸೆಯುವುದು ಹಳೇ ಮೈಸೂರಿನ ಜಾತ್ರೆಗಳ ರೂಢಿ. ತಗುಲಿದರೆ ಕೋರಿಕೆ ಈಡೇರಿತು. ತಗುಲದಿದ್ದರೆ ಕೆಳಗೆ ನಿಂತವರ ತಲೆಗೆ ಹಣ್ಣು.

◆ ಜಪಾನಿನ ನಗೋಯಾ ಹತ್ತಿರದ ಕೊಮಾಕಿ ಊರಿನ ತಗಾತ ಗುಡಿಯಲ್ಲಿ ಪ್ರತಿ ಮಾರ್ಚ್ 15ರಂದು ಸುಗ್ಗಿ ಚೆನ್ನಾಗಿರಲಿ, ಮನೆಯಲ್ಲಿ ಮಕ್ಕಳಾಗಲಿ ಎಂದು ಒಂದೇ ಹಬ್ಬ. ಸೈಪ್ರೆಸ್ ಮರದಲ್ಲಿ ವರ್ಷವರ್ಷವೂ ಹೊಸದಾಗಿ ಕೆತ್ತಿದ, ಸುಮಾರು ಎರಡೂವರೆ ಮೀಟರ್ ಉದ್ದದ ಪುರುಷಾಂಗವನ್ನು ಗಂಡಸರು ಹೆಗಲ ಮೇಲೆ ಹೊತ್ತು ಮೆರವಣಿಗೆ ಮಾಡುತ್ತಾರೆ. ಮಕ್ಕಳು ಮುದುಕರು ಎಲ್ಲರೂ ನೋಡುತ್ತಾರೆ, ಯಾರೂ ತಲೆ ತಗ್ಗಿಸುವುದಿಲ್ಲ. ಹಬ್ಬ ಮುಗಿಯುವಾಗ ಅಟ್ಟಣೆಯ ಮೇಲಿಂದ ಅಕ್ಕಿಯ ಉಂಡೆಗಳನ್ನು ಜನರತ್ತ ಎಸೆಯುತ್ತಾರೆ. ನಮ್ಮಲ್ಲಿ ಜನ ದೇವರತ್ತ ಎಸೆದರೆ, ಅಲ್ಲಿ ದೇವರ ಕಡೆಯವರು ಜನರತ್ತ.

◆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದಂತೆ ಜಗತ್ತಿನ ವಯಸ್ಕರಲ್ಲಿ ಆರಕ್ಕೆ ಒಬ್ಬರು ಬದುಕಿನ ಒಂದಲ್ಲ ಒಂದು ಹಂತದಲ್ಲಿ ಬಂಜೆತನ ಎದುರಿಸುತ್ತಾರೆ. ಕಾರಣ ಗಂಡಸಿನಲ್ಲೂ ಇರಬಹುದು, ಹೆಂಗಸಿನಲ್ಲೂ ಇರಬಹುದು, ಇಬ್ಬರಲ್ಲೂ ಇರಬಹುದು. ಹೀಗಿದ್ದೂ ಊರ ಬಾಯಿ ಹೆಂಗಸಿನ ಮೇಲೇ. ಈ ವಿಷಯದಲ್ಲಿ ನಾಗಪ್ರತಿಷ್ಠೆಯ ವಿಧಿ ಊರಿಗಿಂತ ವಾಸಿ: ಸಂಕಲ್ಪಕ್ಕೆ ಗಂಡ ಹೆಂಡಿರಿಬ್ಬರೂ ಒಟ್ಟಿಗೇ ಕೂರಬೇಕು. ಆಸ್ಪತ್ರೆಯ ಪರೀಕ್ಷೆಗೂ ಹಾಗೇ ಇಬ್ಬರೂ ಹೋದರೆ ಎಷ್ಟೋ ಮನೆಗಳ ಕಣ್ಣೀರು ಕಡಿಮೆಯಾದೀತು.

◆ ಭಾರತದಲ್ಲಿ ಹಾವು ಕಡಿದು ಸಾಯುವವರು ವರ್ಷಕ್ಕೆ ಸರಾಸರಿ 58,000 ಎಂದು 2000ದಿಂದ 2019ರವರೆಗಿನ ಅಧ್ಯಯನವೊಂದು ಅಂದಾಜಿಸಿದೆ. ಹೆಚ್ಚಿನವರು ಹಳ್ಳಿಯವರು, ಹೊಲದಲ್ಲಿ ದುಡಿಯುವವರು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ಸರ್ಕಾರಕ್ಕೆ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಸಿಗುವ ವಿಷನಿರೋಧಕ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ. ಆದ್ದರಿಂದ ಕಡಿದ ಹಾವನ್ನು ಅಟ್ಟಿಸಿಕೊಂಡು ಹೋಗಿ ಹೊಡೆದು ಆಸ್ಪತ್ರೆಗೆ ಹೊತ್ತು ತರಬೇಕಿಲ್ಲ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಕಡಿತವಾದ ಕೈಕಾಲು ಅಲುಗದಂತೆ ಇಟ್ಟುಕೊಂಡು ಬೇಗ ಆಸ್ಪತ್ರೆ ಸೇರುವುದೊಂದೇ ದಾರಿ.

◆ ಕೊನೆಯದಾಗಿ, ಘಾಟಿಗೆ ಹೋಗುವವರಿಗೆ. ಮಂಗಳವಾರ, ಷಷ್ಠಿ, ರಜಾದಿನಗಳಲ್ಲಿ ಸಾಲು ಉದ್ದ. ಹತ್ತಿರದಲ್ಲೇ ಮಾಕಳಿದುರ್ಗದ ಕೋಟೆಬೆಟ್ಟ, ಅದರ ಬುಡದಲ್ಲೇ ರೈಲು ಹಳಿ. ಹಣ್ಣುಕಾಯಿ ಬುಟ್ಟಿಯನ್ನು ತೂಗಾಡಿಸಿಕೊಂಡು ನಡೆಯಬೇಡಿ, ಕೋತಿಗಳಿವೆ. ದಕ್ಷಿಣ ಭಾರತದಲ್ಲಿ ಮಾತ್ರ ಇರುವ ಈ ಟೋಪಿ ಕೂದಲಿನ ಕೋತಿಗೆ ಎರಡೂ ಕೆನ್ನೆಯಲ್ಲಿ ಚೀಲ ಉಂಟು. ಕಿತ್ತುಕೊಂಡ ಬಾಳೆಹಣ್ಣನ್ನು ಅದು ಅಲ್ಲೇ ತಿನ್ನುವುದಿಲ್ಲ. ಕೆನ್ನೆಗೆ ತುರುಕಿಕೊಂಡು ಮರ ಹತ್ತಿ, ನಿಮ್ಮನ್ನೇ ನೋಡುತ್ತಾ ನಿಧಾನಕ್ಕೆ ಅಗಿಯುತ್ತದೆ.